ಡೈರ್ ವುಲ್ಫ್‌ನಿಂದ ಡೋಡೊವರೆಗೆ: ಅಳಿದ ಪ್ರಾಣಿಗಳ ಅಂಗಡಿಯಲ್ಲಿ ಯಾವ ಸರಕು ಗಟ್ಟಿ?

ಅಳಿದುಹೋದ ಪ್ರಾಣಿಗಳನ್ನು ಮರಳಿ ಹುಟ್ಟಿಸುತ್ತೇವೆ ಎಂದು ಬೋರ್ಡು ಹಾಕಿಕೊಂಡವರ ಪೈಕಿ ಹಣದಲ್ಲೂ ಹೆಸರಿನಲ್ಲೂ ಮುಂದಿರುವುದು ಅಮೆರಿಕದ ಡಲ್ಲಾಸ್‌ನ ಕೊಲೋಸಲ್ ಬಯೋಸೈನ್ಸಸ್. ಉದ್ಯಮಿ ಬೆನ್ ಲ್ಯಾಮ್ ಮತ್ತು ಹಾರ್ವರ್ಡ್‌ನ ಜೀನ್ ವಿಜ್ಞಾನಿ ಜಾರ್ಜ್ ಚರ್ಚ್ ಸೇರಿ 2021ರಲ್ಲಿ ಕಟ್ಟಿದ ಕಂಪನಿ ಇದು. 2025ರ ಜನವರಿಯಲ್ಲಿ ಹೂಡಿಕೆದಾರರು ಇದಕ್ಕೆ ಕಟ್ಟಿದ ಬೆಲೆ 1,020 ಕೋಟಿ ಡಾಲರ್, ಅಂದರೆ ಸುಮಾರು 88 ಸಾವಿರ ಕೋಟಿ ರೂಪಾಯಿ. ಷೋಕೇಸಿನಲ್ಲಿ ಡೈರ್ ವುಲ್ಫ್, ಉಣ್ಣೆಯ ಮ್ಯಾಮತ್, ಟಾಸ್ಮೇನಿಯಾದ ಥೈಲಸಿನ್, ಮಾರಿಷಸ್‌ನ ಡೋಡೊ, ನ್ಯೂಜಿಲೆಂಡಿನ ಮೋವಾ ಇವೆ. ಇವುಗಳಲ್ಲಿ ‘ತಯಾರಾಗಿದೆ’ ಎಂದು ಕಂಪನಿ ಹೇಳುತ್ತಿರುವುದು ಡೈರ್ ವುಲ್ಫ್ ಒಂದನ್ನೇ. ಉಳಿದವು ಇನ್ನೂ ಬುಕ್ಕಿಂಗ್ ಹಂತದಲ್ಲಿವೆ.

ಇಂಥ ಸರಕನ್ನು ಅಳೆಯುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ಎಷ್ಟು ಸಾವಿರ ವರ್ಷ ಹಳೆಯ ಮೂಳೆ, ಎಷ್ಟು ಶೇಕಡಾ ಡಿಎನ್‌ಎ ಸಿಕ್ಕಿತು ಎಂಬ ಅಂಕಿಗಳಲ್ಲೇ ಕಳೆದುಹೋಗುತ್ತಾರೆ. ಹಳೆಯ ಡಿಎನ್‌ಎ ಓದುವ ವಿದ್ಯೆ ಈಗ ಸಾಕಷ್ಟು ಪಳಗಿದೆ, ಕೆಲಸ ಅಲ್ಲಿ ನಿಲ್ಲುವುದಿಲ್ಲ. ಮೊದಲು ಕೇಳಬೇಕಾದದ್ದು ಬೇರೆ: ಅಂಡಾಣು ಯಾರದು, ಬಸಿರು ಹೊರುವವಳು ಯಾರು? ಈ ಎರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ದುಡ್ಡು ಮತ್ತು ಸಮಯದ ಲೆಕ್ಕ. ಸಿಗದಿದ್ದರೆ ಜೀನೋಮ್, ಅಂದರೆ ಪ್ರಾಣಿಯ ಇಡೀ ಡಿಎನ್‌ಎ ಬರಹ, ನೂರಕ್ಕೆ ನೂರು ಕೈಯಲ್ಲಿದ್ದರೂ ಅದು ಕಂಪ್ಯೂಟರಿನಲ್ಲಿರುವ ಕಡತ ಅಷ್ಟೇ. ಷೋಕೇಸಿನ ಒಂದೊಂದು ಪ್ರಾಣಿಯನ್ನೂ ಇದೇ ತಕ್ಕಡಿಯಲ್ಲಿ ಇಟ್ಟು ನೋಡೋಣ.

ಡೈರ್ ವುಲ್ಫ್ ಹಿಮಯುಗದ ಕೊನೆಯಲ್ಲಿ ಅಮೆರಿಕ ಖಂಡಗಳಲ್ಲಿ ಅಳಿದ, ಬೇಟೆಯಾಡಿ ಬದುಕುತ್ತಿದ್ದ ಪ್ರಾಣಿ. ನೋಡಲು ತೋಳದಂತಿದ್ದರೂ ಇಂದಿನ ತೋಳಗಳ ವಂಶದಿಂದ ಅದು ಸುಮಾರು 57 ಲಕ್ಷ ವರ್ಷಗಳ ಹಿಂದೆಯೇ ಕವಲೊಡೆದಿತ್ತು ಎಂದು 2021ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಹೇಳಿತ್ತು. ಕೊಲೋಸಲ್ ತಂಡ ಎರಡು ಅವಶೇಷಗಳಿಂದ ಡಿಎನ್‌ಎ ತೆಗೆಯಿತು: ಒಹಾಯೊದಲ್ಲಿ ಸಿಕ್ಕ 13 ಸಾವಿರ ವರ್ಷ ಹಳೆಯ ಹಲ್ಲು, ಇಡಾಹೊದಲ್ಲಿ ಸಿಕ್ಕ 72 ಸಾವಿರ ವರ್ಷ ಹಳೆಯ ತಲೆಬುರುಡೆಯ ಒಳಕಿವಿಯ ಮೂಳೆ. ಒಳಕಿವಿಯ ಮೂಳೆಯನ್ನೇ ಆರಿಸುವುದಕ್ಕೆ ಕಾರಣವಿದೆ. ದೇಹದ ಮೂಳೆಗಳಲ್ಲೆಲ್ಲ ಅತಿ ಗಟ್ಟಿ ಅದು. ನೀರು, ಬ್ಯಾಕ್ಟೀರಿಯಾ ಒಳಗೆ ಸುಲಭವಾಗಿ ಇಳಿಯುವುದಿಲ್ಲ.

ಮುಂದಿನ ಹೆಜ್ಜೆಗಳು ಹೀಗೆ. ಇಂದಿನ ಬೂದು ತೋಳದ ರಕ್ತ ತೆಗೆದು, ಅದರಲ್ಲಿ ರಕ್ತನಾಳದ ಒಳಪದರ ಕಟ್ಟುವ ಮೂಲಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. ಸಾಮಾನ್ಯವಾಗಿ ಇದಕ್ಕೆ ಚರ್ಮದ ಚೂರು ಕತ್ತರಿಸಬೇಕಾಗುತ್ತದೆ. ರಕ್ತದಿಂದಲೇ ಕೆಲಸ ಮುಗಿಸಿದ್ದು ನಿಜವಾಗಿ ಮೆಚ್ಚಬೇಕಾದ ಸುಧಾರಣೆ. ಆ ಕೋಶಗಳ 14 ಜೀನುಗಳಲ್ಲಿ ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿ ಬಳಸಿ 20 ಕಡೆ ತಿದ್ದಿದರು. ತಿದ್ದಿದ ಕೋಶದ ನ್ಯೂಕ್ಲಿಯಸ್ಸನ್ನು, ತನ್ನದೇ ನ್ಯೂಕ್ಲಿಯಸ್ ತೆಗೆದುಹಾಕಿದ ನಾಯಿಯ ಅಂಡಾಣುವಿಗೆ ಸೇರಿಸಿದರು. ಮೊದಲ ಸುತ್ತಿನಲ್ಲಿ ಇಂಥ 45 ಅಂಡಾಣುಗಳು ತಯಾರಾದವು. ಭ್ರೂಣಗಳನ್ನು ಎರಡು ಮಿಶ್ರತಳಿಯ ಬೇಟೆನಾಯಿಗಳ ಗರ್ಭಕ್ಕೆ ಹಾಕಿದಾಗ ಒಂದೊಂದರಲ್ಲಿ ಒಂದೊಂದು ನಿಂತಿತು. 2024ರ ಅಕ್ಟೋಬರ್ 1ರಂದು ಸಿಸೇರಿಯನ್ ಮೂಲಕ ರೋಮ್ಯುಲಸ್, ರೀಮಸ್ ಎಂಬ ಎರಡು ಗಂಡುಮರಿಗಳು ಹುಟ್ಟಿದವು. 2025ರ ಜನವರಿ 30ರಂದು ಇನ್ನೊಂದು ನಾಯಿಗೆ ಖಲೀಸಿ ಎಂಬ ಹೆಣ್ಣುಮರಿ. ಜಗತ್ತಿಗೆ ಸುದ್ದಿ ಹೇಳಿದ್ದು ಆ ವರ್ಷದ ಏಪ್ರಿಲ್ 7ರಂದು.

ನಾಯಿಯ ಅಂಡಾಣು ತೆಗೆಯುವುದು ಬಾಯಲ್ಲಿ ಹೇಳಿದಷ್ಟು ಹಗುರವಲ್ಲ. ಹಸು, ಎಮ್ಮೆಗಳ ಅಂಡಾಣುವನ್ನು ಪ್ರಯೋಗಾಲಯದಲ್ಲೇ ಪಕ್ವಗೊಳಿಸಬಹುದು. ನಾಯಿಯಲ್ಲಿ ಅಂಡಾಶಯದಿಂದ ಹೊರಬೀಳುವಾಗ ಅಂಡಾಣು ಇನ್ನೂ ಎಳೆಯದು. ಅಂಡನಾಳದೊಳಗೆ ಎರಡು ಮೂರು ದಿನ ಕಳೆದ ಮೇಲೆ ಬಲಿಯುತ್ತದೆ. ರಕ್ತದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನಿನ ಮಟ್ಟ ನೋಡಿಕೊಂಡು ಸರಿಯಾದ ದಿನಕ್ಕೆ ಶಸ್ತ್ರಚಿಕಿತ್ಸೆ ಮಾಡಿ ಅಂಡನಾಳ ತೊಳೆದು ತೆಗೆಯಬೇಕು. ಒಂದು ದಿನ ಆಚೀಚೆಯಾದರೆ ಆ ನಾಯಿಯ ಮಟ್ಟಿಗೆ ಮುಂದಿನ ಬೆದೆಯವರೆಗೆ ಕಾಯಬೇಕು, ಅಂದರೆ ಸುಮಾರು ಆರು ತಿಂಗಳು. 2005ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮೊದಲ ತದ್ರೂಪಿ (ಕ್ಲೋನ್) ನಾಯಿ ಸ್ನಪ್ಪಿ ಹುಟ್ಟಿದಾಗ 123 ನಾಯಿಗಳಿಗೆ 1,095 ಭ್ರೂಣ ಹಾಕಿದ್ದರು. ಅದನ್ನು ನೆನೆದರೆ ಒಂದು ಸುತ್ತಿಗೆ ಎರಡು ನಾಯಿ, ಎರಡು ಮರಿ ಎಂಬುದು ದೊಡ್ಡ ಪ್ರಗತಿ. ಇಲ್ಲಿ ಮಾಡಿದ ಕೈಕೆಲಸಕ್ಕೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು.

ಲೇಬಲ್ಲಿನ ವಿಷಯಕ್ಕೆ ಬಂದರೆ ಅಂಕ ಒಂದಕ್ಕಿಳಿಯುತ್ತದೆ. ಬೂದು ತೋಳಕ್ಕೂ ಡೈರ್ ವುಲ್ಫ್‌ಗೂ ಶೇ 99.5ರಷ್ಟು ಡಿಎನ್‌ಎ ಒಂದೇ ಎಂದು ಕಂಪನಿಯೇ ಹೇಳುತ್ತದೆ. ಕೇಳಲು ಚೆನ್ನಾಗಿದೆ. ತೋಳದ ಜೀನೋಮಿನಲ್ಲಿ ಸುಮಾರು 240 ಕೋಟಿ ಅಕ್ಷರಗಳಿವೆ. ಅದರ ಅರ್ಧ ಶೇಕಡಾ ಎಂದರೆ 1.2 ಕೋಟಿ ವ್ಯತ್ಯಾಸ. ತಿದ್ದಿದ್ದು 20. ಮಾರುತಿ ಕಾರಿಗೆ ಅಂಬಾಸಡರಿನ ಹೆಡ್‌ಲೈಟ್ ಕೂರಿಸಿ ಅಂಬಾಸಡರ್ ಎಂದು ಆರ್‌ಸಿ ಬರೆಸಿಕೊಂಡಂತಾಯಿತು.

ಆ 20ರಲ್ಲೂ 15 ಮಾತ್ರ ಹಳೆಯ ಪ್ರಾಣಿಯಲ್ಲಿ ಕಂಡ ರೂಪಗಳು. ಉಳಿದ ಐದರ ಹಿಂದೆ ಒಂದು ಪಾಠವಿದೆ. ಡೈರ್ ವುಲ್ಫ್‌ನ ತಿಳಿಬಣ್ಣಕ್ಕೆ ಕಾರಣವೆನಿಸಿದ ಜೀನುಗಳನ್ನು ಇದ್ದ ಹಾಗೆ ಬೂದು ತೋಳಕ್ಕೆ ಹಾಕಿದರೆ ಕಿವುಡು, ಕುರುಡು ಬರುವ ಅಪಾಯವಿತ್ತು. ಬಣ್ಣದ ಕೋಶಗಳು ಚರ್ಮಕ್ಕಷ್ಟೇ ಸೀಮಿತವಲ್ಲ, ಒಳಕಿವಿಯಲ್ಲೂ ಕಣ್ಣಿನಲ್ಲೂ ಅವುಗಳಿಗೆ ಕೆಲಸವಿದೆ. ಹಾಗಾಗಿ ತಂಡ ಆ ಜೀನುಗಳನ್ನು ಮುಟ್ಟದೆ, ನಾಯಿ ತೋಳಗಳಲ್ಲಿ ಅಪಾಯವಿಲ್ಲದೆ ಬಿಳಿಬಣ್ಣ ಕೊಡುವುದೆಂದು ಗೊತ್ತಿರುವ ಬೇರೆ ಜೀನುಗಳನ್ನು ತಿದ್ದಿತು. ಪ್ರಾಣಿಯ ಕ್ಷೇಮದ ದೃಷ್ಟಿಯಿಂದ ಸರಿಯಾದ ನಿರ್ಧಾರವೇ. ಆದರೆ ಎಲ್ಲರೂ ಫೋಟೋದಲ್ಲಿ ನೋಡಿ ಬೆರಗಾದ ಆ ಬಿಳಿ ತುಪ್ಪಳ ಡೈರ್ ವುಲ್ಫ್‌ನಿಂದ ಬಂದದ್ದಲ್ಲ ಎಂಬುದು ಕೊಳ್ಳುವವರಿಗೆ ಗೊತ್ತಿರಬೇಕು. ಅಂಡಾಣು ನಾಯಿಯದ್ದಾದ್ದರಿಂದ, ಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಪುಟ್ಟ ಡಿಎನ್‌ಎ ಇರುವ ಮೈಟೊಕಾಂಡ್ರಿಯಾ ಕೂಡ ನಾಯಿಯದ್ದೇ. ನ್ಯೂಕ್ಲಿಯಸ್ ಬೂದು ತೋಳದ್ದು, ಹೆಸರು ಮಾತ್ರ ಡೈರ್ ವುಲ್ಫ್‌ದು.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತೋಳ, ನಾಯಿ ಜಾತಿಗಳ ತಜ್ಞರ ಗುಂಪು 2025ರ ಏಪ್ರಿಲ್‌ನಲ್ಲೇ ಇವು ಡೈರ್ ವುಲ್ಫ್ ಅಲ್ಲ, ಅದರ ಬದಲಿಯಾಗಿಯೂ ನಿಲ್ಲುವುದಿಲ್ಲ ಎಂದು ಹೇಳಿತು. ಕಂಪನಿಯ ಮುಖ್ಯ ವಿಜ್ಞಾನಿ ಬೆತ್ ಶಪೀರೊ ಅವರೂ ಮೇ ತಿಂಗಳಲ್ಲಿ, ಇವು 20 ತಿದ್ದುಪಡಿ ಮಾಡಿ ತದ್ರೂಪುಗೊಳಿಸಿದ ಬೂದು ತೋಳಗಳು ಎಂದು ಒಪ್ಪಿದರು. ಆ ಮಾತು ಮೊದಲ ದಿನದ ಪ್ರಕಟಣೆಯಲ್ಲೇ ದಪ್ಪಕ್ಷರದಲ್ಲಿ ಇರಬೇಕಿತ್ತು.

ಹಾಗಾದರೆ 20ರ ಬದಲು 20 ಸಾವಿರ ತಿದ್ದಬಾರದೇಕೆ? ಕೋಶಗಳಿಗೂ ಆಯಸ್ಸಿದೆ. ತಿದ್ದಿದ ಮೇಲೆ ಸರಿಯಾಗಿ ತಿದ್ದಿಸಿಕೊಂಡ ಒಂದೇ ಒಂದು ಕೋಶವನ್ನು ಆರಿಸಿ, ಅದರಿಂದ ಪರೀಕ್ಷೆಗೆ ಸಾಕಾಗುವಷ್ಟು ಸಂತತಿ ಬೆಳೆಸಬೇಕು. ಒಂದು ಕೋಶ ಹತ್ತು ಲಕ್ಷವಾಗಲು 20 ಸಲ ಇಮ್ಮಡಿಯಾಗಬೇಕು. ಚರ್ಮದಂಥ ಮಾಮೂಲಿ ದೇಹಕೋಶ ಒಟ್ಟಾರೆ 40ರಿಂದ 60 ಸಲ ಇಮ್ಮಡಿಯಾಗಿ ನಿಲ್ಲುತ್ತದೆ. ಎರಡು ಸುತ್ತು ತಿದ್ದುವಷ್ಟರಲ್ಲಿ ಕೋಶ ಮುದಿಯಾಗಿರುತ್ತದೆ. ವರ್ಣತಂತುಗಳು ಮುರಿದಿರುವ ಸಂಭವವೂ ಹೆಚ್ಚು. ಅದಕ್ಕೇ ಒಂದೇ ಏಟಿಗೆ ಹಲವು ಕಡೆ ತಿದ್ದುವ ವಿಧಾನ ಬೇಕು, ಇಲ್ಲವೇ ದಣಿಯದೆ ಬೆಳೆಯುವ ಕಾಂಡಕೋಶಗಳು (ಸ್ಟೆಮ್ ಸೆಲ್) ಬೇಕು. ಒಮ್ಮೆಗೇ ಹೆಚ್ಚು ಕಡೆ ಕತ್ತರಿಸಿದರೆ ಬೇಡದ ಕಡೆಯೂ ಕತ್ತರಿ ಬೀಳುತ್ತದೆ, ದೂರದ ಎರಡು ತುಂಡುಗಳು ಅದಲುಬದಲಾಗಿ ಅಂಟಿಕೊಳ್ಳುತ್ತವೆ. ಭ್ರೂಣ ಮಾಡುವ ಮೊದಲು ಇಡೀ ಜೀನೋಮ್ ಓದಿ ನೋಡುವುದು ಇದಕ್ಕಾಗಿ.

ತಿದ್ದುವುದು ಮುಗಿದ ಮೇಲೆ ಬರುವ ತದ್ರೂಪಿ ಹಂತವೇ ಹೆಚ್ಚು ಜೀವ ತಿನ್ನುವುದು. 1996ರಲ್ಲಿ ಡಾಲಿ ಕುರಿ ಹುಟ್ಟಿದ್ದು 277 ಅಂಡಾಣುಗಳಿಂದ ಶುರುಮಾಡಿ, 29 ಭ್ರೂಣ ಸಿಕ್ಕ ಮೇಲೆ. ಕಾರಣ ಇಷ್ಟೆ: ಚರ್ಮದ ಕೋಶದ ನ್ಯೂಕ್ಲಿಯಸ್‌ನಲ್ಲಿ ಚರ್ಮಕ್ಕೆ ಬೇಡದ ಜೀನುಗಳಿಗೆಲ್ಲ ಬೀಗ ಬಿದ್ದಿರುತ್ತದೆ. ಅಂಡಾಣುವಿನ ಒಳದ್ರವ್ಯ ಕೆಲವೇ ಗಂಟೆಗಳಲ್ಲಿ ಆ ಬೀಗಗಳನ್ನೆಲ್ಲ ತೆಗೆಯಬೇಕು. ಬಹಳ ಸಲ ಅರ್ಧಂಬರ್ಧ ತೆಗೆಯುತ್ತದೆ. ಅದರ ಪೆಟ್ಟು ಮೊದಲು ಬೀಳುವುದು ಮಾಸುವಿನ ಮೇಲೆ. ಮಾಸು ಸರಿಯಾಗಿ ಕಟ್ಟದೆ ಗರ್ಭ ಇಳಿದುಹೋಗುತ್ತದೆ. ಹಸು, ಕುರಿಗಳಲ್ಲಿ ಕರು ಮರಿಗಳು ಅತಿ ದೊಡ್ಡದಾಗಿ ಬೆಳೆದು ಹೆರಿಗೆಯಲ್ಲಿ ತಾಯಿಯ ಜೀವಕ್ಕೂ ಕುತ್ತು ತರುತ್ತವೆ. ಹುಟ್ಟಿದ್ದರಲ್ಲಿ ಶ್ವಾಸಕೋಶದ ದೋಷ ಕಾಣುತ್ತದೆ. ನಿಜವಾಗಿ ಅಳಿದ ಪ್ರಾಣಿಯೊಂದು ಮರಳಿ ಹುಟ್ಟಿದ್ದ ಒಂದೇ ಒಂದು ಸಲ ನಡೆದದ್ದೂ ಇದೇ. ಸ್ಪೇನಿನ ಪಿರಿನೀಸ್ ಪರ್ವತದ ಬುಕಾರ್ಡೊ ಎಂಬ ಕಾಡುಮೇಕೆಯ ಕೊನೆಯ ಹೆಣ್ಣು ಸೀಲಿಯಾ 2000ದ ಜನವರಿಯಲ್ಲಿ ಮರ ಬಿದ್ದು ಸತ್ತಿತು. ಅದಕ್ಕೂ ಹಿಂದಿನ ವರ್ಷವೇ ಕಿವಿಯ ಚರ್ಮದ ಚೂರು ತೆಗೆದು ಶೈತ್ಯದಲ್ಲಿಟ್ಟಿದ್ದರು. 2003ರ ಜುಲೈ 30ರಂದು ಬಾಡಿಗೆ ತಾಯಿಯೊಂದರಿಂದ ಅದರ ತದ್ರೂಪಿ ಮರಿ ಹುಟ್ಟಿ, ಶ್ವಾಸಕೋಶದ ದೋಷದಿಂದ ಕೆಲವೇ ನಿಮಿಷಗಳಲ್ಲಿ ಸತ್ತಿತು. ನ್ಯೂಕ್ಲಿಯಸ್ಸಿನ ಜೀನುಗಳ ಮಟ್ಟಿಗೆ ಅದು ಅಪ್ಪಟ ಬುಕಾರ್ಡೊ. ಬದುಕಿದ್ದರೂ ಜೊತೆಗೊಂದು ಗಂಡು ಎಲ್ಲಿಂದ ತರುತ್ತಿದ್ದರು?

ಮ್ಯಾಮತ್‌ಗೆ ಬರೋಣ, ಜನಕ್ಕೆ ಹೆಚ್ಚು ಕುತೂಹಲ ಇರುವುದು ಇದರ ಮೇಲೆ. ಸೈಬೀರಿಯಾದ ಹೆಪ್ಪುನೆಲದಲ್ಲಿ ರೋಮ, ಚರ್ಮ ಸಮೇತ ಮೈ ಸಿಗುತ್ತದಲ್ಲ, ಅದರ ಕೋಶವನ್ನೇ ತೆಗೆದು ತದ್ರೂಪಿ ಮಾಡಬಾರದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ತದ್ರೂಪಿಗೆ ಬೇಕಾದದ್ದು ಮುರಿಯದ ನ್ಯೂಕ್ಲಿಯಸ್. ರಕ್ಷಕ ದ್ರಾವಣವಿಲ್ಲದೆ ಹೆಪ್ಪುಗಟ್ಟಿದರೆ ಕೋಶದೊಳಗಿನ ನೀರು ಹರಳಾಗಿ ಗೋಡೆ ಸೀಳುತ್ತದೆ, ಆಮೇಲೆ ಸಾವಿರಾರು ವರ್ಷಗಳಲ್ಲಿ ಡಿಎನ್‌ಎ ಚೂರುಚೂರಾಗುತ್ತದೆ. ಜಪಾನಿನ ಕಿಂಡಾಯ್ ವಿಶ್ವವಿದ್ಯಾಲಯದವರು 28 ಸಾವಿರ ವರ್ಷ ಹಳೆಯ ಯೂಕಾ ಎಂಬ ಮ್ಯಾಮತ್ ಮರಿಯ ಸ್ನಾಯುವಿನಿಂದ ನ್ಯೂಕ್ಲಿಯಸ್ ತೆಗೆದು ಇಲಿಯ ಅಂಡಾಣುವಿಗೆ ಹಾಕಿ ನೋಡಿದ್ದರು. ವಿಭಜನೆಯ ಸಿದ್ಧತೆಯಂಥ ಚಲನೆ ಕಂಡಿತು, ವಿಭಜನೆ ಆಗಲಿಲ್ಲ ಎಂದು 2019ರಲ್ಲಿ ವರದಿ ಮಾಡಿದರು. ಆದ್ದರಿಂದ ಉಳಿದದ್ದು ಏಷ್ಯಾದ ಆನೆಯ, ಅಂದರೆ ನಮ್ಮ ಆನೆಯ ಕೋಶವನ್ನೇ ತಿದ್ದುವ ದಾರಿ.

ಈ ದಾರಿಯಲ್ಲಿ ಕೊಲೋಸಲ್ ತೋರಿಸಿದ ಸ್ಯಾಂಪಲ್ 2025ರ ಮಾರ್ಚಿನ ‘ಉಣ್ಣೆ ಇಲಿ’. ಏಳು ಜೀನುಗಳನ್ನು ತಿದ್ದಿದ ಇಲಿಗಳಿಗೆ ಉದ್ದನೆಯ, ಹೊಂಬಣ್ಣದ, ಗುಂಗುರು ತುಪ್ಪಳ ಬಂತು. ತಿದ್ದಿದವುಗಳಲ್ಲಿ ಹಲವು, ಇಲಿಯ ರೋಮ ಬದಲಿಸುತ್ತವೆಂದು ಮೊದಲೇ ಗೊತ್ತಿದ್ದ ಜೀನುಗಳು. ಹಲವು ತಿದ್ದುಪಡಿ ಒಟ್ಟಿಗೆ ಮಾಡಬಹುದೆಂಬ ಸಾಬೀತಿಗೆ ಇದು ಸರಿ. ಚಳಿ ತಡೆಯುತ್ತದೆಯೇ ಎಂಬುದಕ್ಕೆ ಪುರಾವೆ ಆಗ ಇರಲಿಲ್ಲ. ಆನೆಯ ಕಾಂಡಕೋಶಗಳನ್ನು 2024ರಲ್ಲಿ ತಯಾರಿಸಿದ್ದು ಇದಕ್ಕಿಂತ ತೂಕದ ಕೆಲಸ. ಆನೆಯಲ್ಲಿ ಕ್ಯಾನ್ಸರ್ ತಡೆಯುವ ಟಿಪಿ53 ಜೀನಿನ ಸುಮಾರು 20 ಪ್ರತಿಗಳಿವೆ, ನಮ್ಮಲ್ಲಿ ಒಂದೇ. ಕೋಶ ಸ್ವಲ್ಪ ವಿಚಿತ್ರವಾಗಿ ವರ್ತಿಸಿದರೂ ಅದನ್ನು ಸಾಯಿಸಿಬಿಡುವ ಕಾವಲು ಅದು. ದೇಹಕೋಶವನ್ನು ಕಾಂಡಕೋಶವಾಗಿ ತಿರುಗಿಸುವುದೇ ವಿಚಿತ್ರ ವರ್ತನೆಯಾದ್ದರಿಂದ, ಆ ಕಾವಲನ್ನು ಹತ್ತಿಕ್ಕದೆ ಕೆಲಸ ಸಾಗಲಿಲ್ಲ.

ಈಗ ತಾಯಿಯ ಪ್ರಶ್ನೆ. ಹೆಣ್ಣಾನೆಯ ಋತುಚಕ್ರ 14ರಿಂದ 16 ವಾರ. ಅಂಡ ಬಿಡುಗಡೆಗೆ ಕಾರಣವಾಗುವ ಎಲ್‌ಎಚ್ ಹಾರ್ಮೋನು ಆನೆಯಲ್ಲಿ ಒಂದು ಚಕ್ರಕ್ಕೆ ಎರಡು ಸಲ ಏರುತ್ತದೆ, ಸುಮಾರು ಮೂರು ವಾರದ ಅಂತರದಲ್ಲಿ. ಎರಡನೇ ಏರಿಕೆಗೆ ಮಾತ್ರ ಅಂಡ ಬರುವುದು. ಮೊದಲ ಏರಿಕೆಯನ್ನು ರಕ್ತಪರೀಕ್ಷೆಯಲ್ಲಿ ಹಿಡಿದರೆ ಎರಡನೆಯದಕ್ಕೆ ತಯಾರಿ ಮಾಡಿಕೊಳ್ಳಬಹುದು; ಕೃತಕ ಗರ್ಭಧಾರಣೆ ನಡೆಯುವುದು ಹೀಗೆಯೇ. ತಪ್ಪಿದರೆ ಮತ್ತೆ ಮೂರೂವರೆ ತಿಂಗಳು ಕಾಯಬೇಕು. ವರ್ಷಕ್ಕೆ ಮೂರು ನಾಲ್ಕು ಅವಕಾಶ, ಸಾಮಾನ್ಯವಾಗಿ ಸಲಕ್ಕೆ ಒಂದು ಅಂಡಾಣು. ಅದನ್ನು ತಲುಪುವ ದಾರಿಯೋ ಒಂದು ಮೀಟರಿಗೂ ಉದ್ದದ ನಾಳ. ಗರ್ಭ ನಿಂತರೆ 22 ತಿಂಗಳು. ನಾಯಿಯಲ್ಲಿ 65 ದಿನಕ್ಕೆ ಫಲಿತಾಂಶ ಗೊತ್ತಾಗುವ ಪ್ರಯೋಗ ಇಲ್ಲಿ ಎರಡು ವರ್ಷ ಹಿಡಿಯುತ್ತದೆ.

2028ರ ಕೊನೆಗೆ ಮೊದಲ ಮರಿ ಎಂಬುದು ಕಂಪನಿಯ ಗಡುವು. 22 ತಿಂಗಳನ್ನು ಅದರಿಂದ ಕಳೆದು ನೋಡಿ: 2027ರ ಆರಂಭದಲ್ಲೇ ಭ್ರೂಣ ಗರ್ಭದಲ್ಲಿರಬೇಕು. ಈ ಗಡುವನ್ನು ನಂಬಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಡಿ. ಇನ್ನೊಂದು ಮಾತು, ಇದು ನಮಗೆ ನೇರವಾಗಿ ತಾಗುವಂಥದ್ದು. ಏಷ್ಯಾದ ಆನೆಯೇ ಅಳಿವಿನಂಚಿನ ಪಟ್ಟಿಯಲ್ಲಿದೆ. ದೇಶದಲ್ಲಿ ಅತಿ ಹೆಚ್ಚು ಆನೆ ಇರುವ ರಾಜ್ಯ ಕರ್ನಾಟಕ. 2023ರ ಅಂದಾಜಿನಲ್ಲಿ 6,395. ಹೆಣ್ಣಾನೆ ನಾಲ್ಕೈದು ವರ್ಷಕ್ಕೊಂದು ಮರಿ ಹಾಕುವ ಪ್ರಾಣಿ. ಮ್ಯಾಮತ್ ಪ್ರಯೋಗಕ್ಕೆ ಒಡ್ಡಿದ ಪ್ರತಿ ಬಸಿರು ಆನೆಯ ಲೆಕ್ಕದಿಂದ ಒಂದು ಮರಿಯನ್ನು ಕಳೆಯುತ್ತದೆ. ಕೃತಕ ಗರ್ಭಕೋಶ ತಯಾರಿಸುತ್ತಿದ್ದೇವೆ ಎಂದು ಕಂಪನಿ ಹೇಳುತ್ತದೆ. ಇಲಿಯನ್ನೇ ಗರ್ಭಧಾರಣೆಯಿಂದ ಹೆರಿಗೆಯವರೆಗೆ ಪೂರ್ತಿ ಹೊರಗೆ ಬೆಳೆಸಲು ಯಾರಿಗೂ ಸಾಧ್ಯವಾಗಿಲ್ಲದಿರುವಾಗ, ನೂರು ಕಿಲೋ ತೂಗುವ ಮರಿಯ ಮಾತನ್ನು ಬದಿಗಿಡಬಹುದು.

ಥೈಲಸಿನ್ ವಿಷಯದಲ್ಲಿ ತಾಯಿಯ ಪ್ರಶ್ನೆಗೆ ವಿಚಿತ್ರವಾದ ಸುಲಭದ ಉತ್ತರವಿದೆ. ಹುಲಿಯಂತೆ ಬೆನ್ನ ಮೇಲೆ ಪಟ್ಟೆಯಿದ್ದ, ನಾಯಿಯಂತೆ ಕಾಣುತ್ತಿದ್ದ ಈ ಚೀಲಪ್ರಾಣಿಯ ಕೊನೆಯದು 1936ರ ಸೆಪ್ಟೆಂಬರ್ 7ರಂದು ಹೋಬರ್ಟ್‌ನ ಮೃಗಾಲಯದಲ್ಲಿ ಸತ್ತಿತು. ಮೆಲ್ಬರ್ನ್ ವಿಶ್ವವಿದ್ಯಾಲಯದ ಆಂಡ್ರೂ ಪಾಸ್ಕ್ ತಂಡದ ಕೈಯಲ್ಲಿ, ಮದ್ಯಸಾರದಲ್ಲಿಟ್ಟ 110 ವರ್ಷ ಹಳೆಯ ತಲೆಯಿಂದ ತೆಗೆದ ಅತ್ಯುತ್ತಮ ಗುಣಮಟ್ಟದ ಜೀನೋಮ್ ಇದೆ. ಬಾಡಿಗೆ ತಾಯಿ ಡನಾರ್ಟ್ ಎಂಬ ಹದಿನೈದು ಗ್ರಾಂ ಆಸುಪಾಸಿನ, ಇಲಿಯಂಥ ಚೀಲಪ್ರಾಣಿ. ಚೀಲಪ್ರಾಣಿಗಳ ಮರಿ ಹುಟ್ಟುವಾಗ ಅಕ್ಕಿಕಾಳಿನಷ್ಟಿರುವುದರಿಂದ ಹೆರಿಗೆಗೆ ತೊಂದರೆಯಿಲ್ಲ. ಡನಾರ್ಟಿನ ಬಸಿರು ಎರಡು ವಾರವೂ ಇಲ್ಲ. ಹುಟ್ಟಿದ ಮೇಲೆ ತಿಂಗಳುಗಟ್ಟಲೆ ಹಾಲು ಕುಡಿಸುವ ಹೊಟ್ಟೆಚೀಲ ಎಲ್ಲಿದೆ? ಮರಿ ಬೆಳೆದಂತೆ ಹಾಲಿನ ಸತ್ವವೂ ಬದಲಾಗುತ್ತ ಹೋಗಬೇಕು. ಜೊತೆಗೆ ಎರಡೂ ಜೀವಿಗಳು ಕವಲೊಡೆದು ಕೋಟಿಗಟ್ಟಲೆ ವರ್ಷವಾಗಿದೆ, ತಿದ್ದಬೇಕಾದ ಪಟ್ಟಿ ಮ್ಯಾಮತ್‌ಗಿಂತ ಎಷ್ಟೋ ಉದ್ದ. ಈ ಯೋಜನೆಯ ಗಟ್ಟಿ ಫಲ ಬೇರೆ ಕಡೆ ಬರಬಹುದು: ಆಸ್ಟ್ರೇಲಿಯಾದ ಕ್ವೋಲ್ ಎಂಬ ಪ್ರಾಣಿ ವಿಷದ ಕೇನ್ ಕಪ್ಪೆಯನ್ನು ತಿಂದು ಸಾಯುತ್ತಿದೆ, ಆ ವಿಷ ತಡೆಯುವ ತಿದ್ದುಪಡಿ ಮೇಲೆ ಇದೇ ತಂಡ ಕೆಲಸ ಮಾಡುತ್ತಿದೆ. ನನ್ನ ಮತ ಅದಕ್ಕೆ.

ಹಕ್ಕಿಗಳಿಗೆ ತದ್ರೂಪಿ ವಿಧಾನವೇ ಒಗ್ಗುವುದಿಲ್ಲ. ಹಳದಿ ಭಂಡಾರದ ಮೇಲೆ ಎಲ್ಲೋ ಅಂಟಿಕೊಂಡಿರುವ ಚುಕ್ಕೆಯಂಥ ನ್ಯೂಕ್ಲಿಯಸ್ಸನ್ನು ಸೂಜಿಯಿಂದ ತೆಗೆದು ಬದಲಿಸಿ, ಮತ್ತೆ ಅಂಡನಾಳದೊಳಗೆ ಇಟ್ಟು ಚಿಪ್ಪು ಕಟ್ಟಿಸುವುದು ಆಗದ ಮಾತು. ಮೊಟ್ಟೆ ಇಡುವ ಹೊತ್ತಿಗಾಗಲೇ ಭ್ರೂಣದಲ್ಲಿ ಸಾವಿರಾರು ಕೋಶಗಳಿರುತ್ತವೆ. ಬದಲಿ ದಾರಿ ಹೀಗಿದೆ: ಮುಂದೆ ವೀರ್ಯ, ಅಂಡಗಳಾಗಲಿರುವ ಆದಿ ಬೀಜಕೋಶಗಳು ಎಳೆಯ ಭ್ರೂಣದ ರಕ್ತದಲ್ಲಿ ಕೆಲಕಾಲ ತೇಲಾಡುತ್ತವೆ, ಕೋಳಿಯಲ್ಲಿ ಕಾವಿನ ಎರಡು ಮೂರನೇ ದಿನ. ಅವನ್ನು ತೆಗೆದು ಬೆಳೆಸಿ, ತಿದ್ದಿ, ತನ್ನದೇ ಬೀಜಕೋಶ ಇಲ್ಲದಂತೆ ಮಾಡಿದ ಕೋಳಿಯ ಭ್ರೂಣಕ್ಕೆ ಚುಚ್ಚಬೇಕು. ಆ ಕೋಳಿ ದೊಡ್ಡದಾಗಿ ಇಡುವ ಮೊಟ್ಟೆಯಲ್ಲಿ ಬೇರೆ ಹಕ್ಕಿಯ ಮರಿ. ಕೋಳಿಯ ಬೀಜಕೋಶ ಬೆಳೆಸುವುದು 2006ರಿಂದಲೂ ಗೊತ್ತಿತ್ತು, ಪಾರಿವಾಳದ್ದು ಒಲಿದಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕೊಲೋಸಲ್ ಅದನ್ನು ಮಾಡಿದ್ದೇವೆಂದಿತು. ಡೋಡೊ ಕೂಡ ಪಾರಿವಾಳದ ಕುಲದ್ದೇ. ಇಂದು ಬದುಕಿರುವ ಅದರ ಅತಿ ಹತ್ತಿರದ ಸಂಬಂಧಿ ನಮ್ಮ ನಿಕೋಬಾರ್ ದ್ವೀಪಗಳ ಹೆಸರು ಹೊತ್ತ ನಿಕೋಬಾರ್ ಪಾರಿವಾಳ. ಅದು ಅರ್ಧ ಕಿಲೋ ಆಸುಪಾಸಿನ, ಹಾರಬಲ್ಲ ಹಕ್ಕಿ. ಡೋಡೊ ಹತ್ತು ಕಿಲೋ ದಾಟುತ್ತಿದ್ದ, ಹಾರಲಾರದ ಹಕ್ಕಿ. ನಡುವಿನ ಆ ಕಂದಕ ದಾಟಿಸುವ ತಿದ್ದುಪಡಿಗಳ ಪಟ್ಟಿ ಸಣ್ಣದಿರಲಾರದು. ಮೋವಾದ್ದು ಇನ್ನೂ ಸರಳ ತೊಡಕು: ದೈತ್ಯ ಮೋವಾದ ಮೊಟ್ಟೆ ಹಿಡಿಸುವಷ್ಟು ದೊಡ್ಡ ಮೊಟ್ಟೆ ಇಡುವ ಹಕ್ಕಿ ಇಂದು ಯಾವುದೂ ಇಲ್ಲ.

ಇಷ್ಟು ಹೊತ್ತು ನೋಡಿದ್ದು ಷೋಕೇಸು. ಕೌಂಟರಿನಲ್ಲಿ ಇಂದೇ ದುಡ್ಡು ಕೊಟ್ಟು ಪಡೆಯಬಹುದಾದ ಸೇವೆಯೂ ಇದೆ. ಟೆಕ್ಸಸ್‌ನ ವಯಾಜೆನ್ ಸಾಕುನಾಯಿ, ಬೆಕ್ಕುಗಳ ತದ್ರೂಪಿ ಮಾಡಿಕೊಡುತ್ತದೆ. ಬೆಲೆ 50 ಸಾವಿರ ಡಾಲರ್, ಸುಮಾರು 45 ಲಕ್ಷ ರೂಪಾಯಿ. ಕುದುರೆಗೆ 85 ಸಾವಿರ ಡಾಲರ್. 2025ರ ನವೆಂಬರಿನಲ್ಲಿ ಈ ಕಂಪನಿಯನ್ನು ಕೊಲೋಸಲ್ ಕೊಂಡುಕೊಂಡಿತು. ದುಡ್ಡಿಗೆ ಏನು ಸಿಗುತ್ತದೆ ಎಂಬುದನ್ನು 2001ರ ಡಿಸೆಂಬರ್ 22ರಂದು ಟೆಕ್ಸಸ್‌ನಲ್ಲೇ ಹುಟ್ಟಿದ ಮೊದಲ ತದ್ರೂಪಿ ಬೆಕ್ಕು ಸಿಸಿ ತೋರಿಸಿಕೊಟ್ಟಿತ್ತು. ಮೂಲ ಬೆಕ್ಕು ರೇನ್‌ಬೋ ಮೂರು ಬಣ್ಣದ್ದು. ಸಿಸಿ ಮೈಮೇಲೆ ಕಿತ್ತಳೆ ಬಣ್ಣದ ಸುಳಿವೇ ಇಲ್ಲ. ಬೆಕ್ಕಿನ ಕಿತ್ತಳೆ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣು ಬೆಕ್ಕಿನ ಒಂದೊಂದು ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮಾತ್ರ ಎಚ್ಚರವಿರುತ್ತದೆ. ತದ್ರೂಪಿಗೆಂದು ಆರಿಸಿದ ಕೋಶದಲ್ಲಿ ಕಿತ್ತಳೆಯ ಎಕ್ಸ್ ಮಲಗಿತ್ತು, ಎದ್ದೇಳಲಿಲ್ಲ. ಸ್ವಭಾವದ ನಕಲಂತೂ ಪ್ಯಾಕೇಜಿನಲ್ಲಿ ಇಲ್ಲವೇ ಇಲ್ಲ. ಸಾಕಿದ ನಾಯಿಯನ್ನು ಮರಳಿ ಪಡೆಯುವ ಆಸೆಯಿಂದ ಕೊಡುವ 45 ಲಕ್ಷಕ್ಕೆ ಸಿಗುವುದು ಅದರ ತಡವಾಗಿ ಹುಟ್ಟಿದ ಅವಳಿ. ಜೊತೆಗೆ ಅಂಡಾಣುವಿಗೂ ಬಸಿರಿಗೂ ಬೇರೆ ಹೆಣ್ಣುನಾಯಿಗಳು ಚಾಕುವಿಗೆ ಮೈಯೊಡ್ಡಿರುತ್ತವೆ, ರಸೀದಿಯಲ್ಲಿ ಅದರ ಉಲ್ಲೇಖ ಬರುವುದಿಲ್ಲ. ಶಿಫಾರಸು ಮಾಡುವುದಿಲ್ಲ.

ಇದೇ ವಯಾಜೆನ್ ಕೈ ಹಾಕಿದ ಇನ್ನೊಂದು ಕೆಲಸ, ಈ ಇಡೀ ಅಂಗಡಿಯಲ್ಲಿ ಕಣ್ಣುಮುಚ್ಚಿ ಒಪ್ಪಬಹುದಾದದ್ದು. ಮುಂಗುಸಿಯಂತೆ ಕಾಣುವ ಅಮೆರಿಕದ ಕರಿಗಾಲಿನ ಫೆರೆಟ್ ಅಳಿದೇ ಹೋಯಿತೆಂದುಕೊಂಡಿದ್ದಾಗ 1981ರಲ್ಲಿ ವಯೋಮಿಂಗ್‌ನಲ್ಲಿ ಸಿಕ್ಕಿತು. ಇಂದಿರುವ ಎಲ್ಲ ಫೆರೆಟ್‌ಗಳೂ ಏಳೇ ಪ್ರಾಣಿಗಳ ಸಂತಾನ. ವಿಲ್ಲಾ ಎಂಬ ಎಂಟನೆಯ ಹೆಣ್ಣೊಂದು ಸಂತಾನ ಬಿಡದೆ 1988ರಲ್ಲಿ ಸತ್ತಿತ್ತು, ಆದರೆ ಅದರ ಚರ್ಮದ ಕೋಶಗಳು ಸ್ಯಾನ್ ಡಿಯಾಗೊದ ‘ಫ್ರೋಜನ್ ಜೂ’ ಶೈತ್ಯಾಗಾರದಲ್ಲಿದ್ದವು. ಆ ಕೋಶದಿಂದ 2020ರ ಡಿಸೆಂಬರ್ 10ರಂದು ಎಲಿಜಬೆತ್ ಆ್ಯನ್ ಹುಟ್ಟಿತು. ಬಾಡಿಗೆ ತಾಯಿ ಸಾಕು ಫೆರೆಟ್, ಬಸಿರು 42 ದಿನ. ಎಲಿಜಬೆತ್ ಆ್ಯನ್‌ಗೆ ಗರ್ಭಕೋಶದ ತೊಂದರೆಯಿಂದ ಮರಿಯಾಗಲಿಲ್ಲ. ಅದೇ ಕೋಶಗಳಿಂದ 2023ರಲ್ಲಿ ಹುಟ್ಟಿದ ಆಂಟೋನಿಯಾ 2024ರ ಜೂನಿನಲ್ಲಿ ಮೂರು ಮರಿ ಹಾಕಿತು. ಒಂದು ಸತ್ತು, ಒಂದು ಗಂಡು ಒಂದು ಹೆಣ್ಣು ಉಳಿದವು. ಏಳರ ವಂಶವೃಕ್ಷಕ್ಕೆ ಎಂಟನೆಯ ಬೇರು ಸೇರಿತು. ಇಲ್ಲಿ ಒಂದು ಜೀನನ್ನೂ ತಿದ್ದಿಲ್ಲ. ಮೈಟೊಕಾಂಡ್ರಿಯಾ ಸಾಕು ಫೆರೆಟ್‌ನದು ಎಂಬ ಕೊರತೆಗೂ ಪರಿಹಾರ ಸುಲಭ: ಅದು ಹೆಣ್ಣಿನ ಮೂಲಕ ಮಾತ್ರ ಇಳಿಯುತ್ತದೆ, ಗಂಡುಮರಿಯ ಸಂತಾನದಲ್ಲಿ ತಾನಾಗಿಯೇ ಕಳಚಿಹೋಗುತ್ತದೆ. ಫೆರೆಟ್‌ಗಳನ್ನು ಕೊಲ್ಲುತ್ತಿರುವ ಪ್ಲೇಗನ್ನು ತದ್ರೂಪಿ ತಡೆಯದು, ಅದು ಬೇರೆ ಹೋರಾಟ. 1980ರಲ್ಲಿ ಶೈತ್ಯದಲ್ಲಿಟ್ಟ ಕೋಶದಿಂದ 2020ರ ಆಗಸ್ಟ್ 6ರಂದು ಹುಟ್ಟಿದ, ಪ್ರಜೆವಾಲ್‌ಸ್ಕಿ ಎಂಬ ಕಾಡುಕುದುರೆ ಜಾತಿಯ ಕರ್ಟ್ ಇದೇ ಜಾತಿಯ ಕೆಲಸ.

ಈ ಪರಿಣತಿ ನಮ್ಮಲ್ಲೂ ಇದೆ. ಕರ್ನಾಲ್‌ನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆ 2009ರಲ್ಲೇ ಗರಿಮಾ ಎಂಬ ತದ್ರೂಪಿ ಎಮ್ಮೆಕರು ಹುಟ್ಟಿಸಿತು. ದುಬಾರಿ ಸೂಕ್ಷ್ಮಯಂತ್ರದ ಬದಲು ಸಣ್ಣ ಬ್ಲೇಡು ಹಿಡಿದು ಕೈಯಲ್ಲೇ ಅಂಡಾಣು ಕತ್ತರಿಸುವ ವಿಧಾನ ಅವರದು. 2023ರ ಮಾರ್ಚ್ 16ರಂದು ಅಲ್ಲಿ ಹುಟ್ಟಿದ ಗಿರ್ ತಳಿಯ ಗಂಗಾ ಕರು 32 ಕಿಲೋ ತೂಗಿತು. ಕೋಶ ಗಿರ್‌ನದು, ಅಂಡಾಣು ಸಾಹಿವಾಲ್ ಹಸುವಿನದು, ಹೊತ್ತದ್ದು ಮಿಶ್ರತಳಿ ಹಸು. ನಮ್ಮಲ್ಲಿ ಅಳಿದ ಚೀತಾದ ತದ್ರೂಪಿ ಮಾಡುವ ಯೋಚನೆ ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿಯಲ್ಲಿತ್ತು. ಏಷ್ಯಾದ ಚೀತಾ ಉಳಿದಿರುವ ಇರಾನ್ ಕೋಶ ಕೊಡಲು ಒಪ್ಪದೆ ಅದು ನಿಂತಿತು. ಕೊನೆಗೆ 2022ರಲ್ಲಿ ಚೀತಾಗಳು ನಮೀಬಿಯಾದಿಂದ ವಿಮಾನದಲ್ಲಿ ಕುನೋಗೆ ಬಂದವು. ಹೆಬ್ಬಕ (ಗ್ರೇಟ್ ಇಂಡಿಯನ್ ಬಸ್ಟರ್ಡ್) ತರಹದ ಹಕ್ಕಿಗಳಿಗೆ ಈ ದಾರಿಯೂ ಇಲ್ಲ. ತರುವಷ್ಟು ಹಕ್ಕಿ ಬೇರೆ ದೇಶದಲ್ಲಿಲ್ಲ, ತದ್ರೂಪಿ ಆಗುವುದಿಲ್ಲ.

ಕೊಳ್ಳುವುದಿದ್ದರೆ ಕೊಳ್ಳಬೇಕಾದದ್ದು ಶೈತ್ಯ ಸಂಗ್ರಹ, ಮೃಗಾಲಯಗಳಿಗೂ ಅರಣ್ಯ ಇಲಾಖೆಗಳಿಗೂ. ಖರ್ಚು ಕಡಿಮೆ, ವಿಧಾನ ಹಳೆಯದು. ಬದುಕಿರುವ ಪ್ರಾಣಿಯ ಕಿವಿ ಅಥವಾ ತೊಡೆಸಂದಿಯಿಂದ ಕೆಲವು ಮಿಲಿಮೀಟರ್ ಅಗಲದ ಚರ್ಮದ ಚೂರು, ರೋಮ ಬೋಳಿಸಿ, ಸ್ಪಿರಿಟ್‌ನಿಂದ ಒರೆಸಿ, ಆ್ಯಂಟಿಬಯಾಟಿಕ್ ಬೆರೆಸಿದ ಪೋಷಕ ದ್ರಾವಣದಲ್ಲಿ ಹಾಕಿ ಐಸ್ ಜೊತೆ ಲ್ಯಾಬಿಗೆ. ಪ್ರಾಣಿ ಸತ್ತಿದ್ದರೆ ಮೈಯನ್ನು ಫ್ರಿಜ್ಜಿನ ತಣ್ಣಗಿನ ಭಾಗದಲ್ಲಿಡಬೇಕು, ಫ್ರೀಜರಿನಲ್ಲಿ ಮಾತ್ರ ಇಡಬಾರದು. ಐದು ದಿನದೊಳಗೆ ಚೂರು ತೆಗೆಯಬೇಕು. ಫ್ರೀಜರಿಗೆ ಹಾಕಿದ ಕ್ಷಣ ಅದು ಸೈಬೀರಿಯಾದ ಮ್ಯಾಮತ್ ಸಾಲಿಗೆ ಸೇರುತ್ತದೆ. ಹೆಚ್ಚು ಸಲ ಕೆಡುವುದು ಶಿಲೀಂಧ್ರದಿಂದ, ಅದಕ್ಕೇ ಒರೆಸುವುದರಲ್ಲಿ ಅವಸರ ಕೂಡದು. ಬೆಳೆಸಿದ ಕೋಶಗಳಿಗೆ ಶೇ 10ರಷ್ಟು ಡಿಎಂಎಸ್‌ಒ ಎಂಬ ರಕ್ಷಕ ದ್ರಾವಣ ಸೇರಿಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ಮೈನಸ್ 80ಕ್ಕೆ ಇಳಿಸಿ, ಆಮೇಲೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಹಾಕುವುದು. ಆದಷ್ಟು ಎಳೆಯ ಕೋಶಗಳನ್ನೇ, ಎರಡು ಮೂರು ಸಲ ಬೆಳೆಸುವಷ್ಟರಲ್ಲೇ ಇಡಬೇಕು. ಪಶು ಆಸ್ಪತ್ರೆಗಳಲ್ಲಿ ಹೋರಿಯ ವೀರ್ಯದ ಕಡ್ಡಿ ಇಡುವ ಅದೇ ಬಗೆಯ ನೈಟ್ರೋಜನ್ ಕ್ಯಾನು ಸಾಕು. ಒಂದೇ ಪ್ರಾಣಿಯ ಸೀಸೆಗಳನ್ನು ಎರಡು ಬೇರೆ ಊರಿನ ಕ್ಯಾನುಗಳಲ್ಲಿ ಹಂಚಿಡಿ, ಸಾರಜನಕದ ಮಟ್ಟವನ್ನು ವಾರಕ್ಕೊಮ್ಮೆ ಅಳತೆ ಕಡ್ಡಿಯಿಂದ ನೋಡಿ ಪುಸ್ತಕದಲ್ಲಿ ಬರೆಯಿರಿ, ಸೀಸೆಯ ಮೇಲೆ ಶೈತ್ಯಕ್ಕೂ ಅಳಿಸದ ಶಾಯಿಯಲ್ಲಿ ಪ್ರಾಣಿಯ ಗುರುತು, ಲಿಂಗ, ತಾರೀಖು ಇರಲಿ.